ಮೊದಲ ಬಾಲು ಹೊಳೆಗೆ

ನಮ್ಮ ಹೆಡ್‌ಮಾಸ್ತರಿಗೆ ಫುಟ್‌ಬಾಲ್ ಅಂದರೆ ಪರದೇಶದ ಫುಟ್‌ಬಾಲ್. ಯಾವ ಕ್ಲಬ್ಬು ಯಾರನ್ನು ತೆಗೆದುಕೊಂಡಿತು, ಯಾವ ಕೋಚನ್ನು ಮನೆಗೆ ಕಳಿಸಿದರು ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿರುತ್ತದೆ. ಬೆಳಿಗ್ಗೆ ಪ್ರಾರ್ಥನೆ ಮುಗಿದು ಸ್ಟಾಫ್‌ರೂಮಿಗೆ ಚಹಾ ಬಂತೆಂದರೆ ಅವರ ಮೊದಲ ಮಾತು ಒಂದೇ. "ಏನ್ರಿ ಟೀಚರ್, ನಮ್ಮ ದೇಶದ ಟೀಮಿಗೆ ಭವಿಷ್ಯ ಅದ ಅಂತೀರಾ?" ಉತ್ತರವನ್ನೂ ತಾವೇ ಕೊಟ್ಟುಕೊಳ್ಳುತ್ತಾರೆ. "ಇಲ್ರಿ. ಖರೇನ ಇಲ್ಲ. ಇಷ್ಟು ಮಂದಿ ಇರೋ ದೇಶದಾಗ ಹನ್ನೊಂದು ಮಂದಿ ಸಿಗವಲ್ರು ಅಂದ್ರ ಏನ್ ಹೇಳೋದು!"

ನಾನು ಆ ಶಾಲೆಯ ಪಿ.ಟಿ. ಟೀಚರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಹುಟ್ಟುವಾಗಲೇ ಸೂಲಗಿತ್ತಿ ಜೋಡಿ ಜಗಳ ಮಾಡಿದಾಕಿ ಇದು" ಎಂದು ನಮ್ಮ ಅವ್ವ ಇವತ್ತಿಗೂ ಮಂದಿಯ ಮುಂದೆ ಹೇಳಿ ನಗುತ್ತಾಳೆ. ಹೆಡ್‌ಮಾಸ್ತರ ಆ 'ಭವಿಷ್ಯ ಇಲ್ಲ' ಎಂಬ ಮಾತು ಕೇಳಿದಾಗಲೆಲ್ಲ ಚಹಾದ ಕಪ್ಪು ಮೇಜಿಗೆ ಕುಕ್ಕುತ್ತಿದ್ದೆ. "ಸರ್, ನೀವು ಹುಡುಕಿದ್ದು ಟಿವಿ ಒಳಗ. ಜರಾ ಕಿಡಕ್ಯಾಗ ನೋಡ್ರಿ" ಅನ್ನುತ್ತಿದ್ದೆ. ಅವರು ಕಿಟಕಿಯಿಂದ ಆಚೆ ನೋಡುತ್ತಿದ್ದರು. ಅಲ್ಲಿ ಕಾಣುತ್ತಿದ್ದದ್ದು ನಮ್ಮ ಗ್ರೌಂಡು. ನೋಡಿ ಇನ್ನೂ ಜೋರಾಗಿ ನಗುತ್ತಿದ್ದರು.

ನಗಲಿಕ್ಕೆ ಕಾರಣವೂ ಇತ್ತು ಬಿಡಿ. ನಮ್ಮದು ಎರೆ ಭೂಮಿ. ಮಳೆ ಬಿದ್ದರೆ ಒಂದೊಂದು ಕಾಲಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತದೆ, ಬೂಟು ಒಂದು ಕಡೆ, ಹುಡುಗಿ ಒಂದು ಕಡೆ. ಬೇಸಿಗೆಯಲ್ಲಿ ನೆಲ ಬಿರಿದು ಬಾಲು ಆ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಉರುಳುವ ಬಾಲು ಎತ್ತ ತಿರುಗುತ್ತದೋ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಹುಡುಗಿಯರ ಕಣ್ಣು ಚುರುಕಾದದ್ದು ಈ ನೆಲದಿಂದಲೇ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಹುಲ್ಲುಹಾಸಿನ ಮೇಲೆ ಆಡಿದವರಿಗೆ ಬಾಲು ಎಲ್ಲಿ ಬರುತ್ತದೆಂದು ಗೊತ್ತಿರುತ್ತದೆ. ನಮ್ಮವರಿಗೆ ಅದು ಎಲ್ಲಿಂದ ಬೇಕಾದರೂ ಬರಬಹುದು ಎಂದು ಗೊತ್ತಿರುತ್ತದೆ.

ನಾನು ಹುಟ್ಟಿದ್ದು ದೋರನಹಳ್ಳಿಯ ಕೂಲಿ ಮನೆಯಲ್ಲಿ. ಅವ್ವ ಹತ್ತಿ ಬಿಡಿಸಲು ಹೋದ ಹೊತ್ತಿಗೆ ಹರಕು ಅರಿವೆ ಸುತ್ತಿದ ಚೆಂಡನ್ನು ಒದ್ದು ಒದ್ದು ಕಲಿತವಳು. ಈಗ ಮನೆ ಶಹಾಪುರದಲ್ಲಿದೆ. ದಿನಾ ಬೆಳಿಗ್ಗೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡಕ್ಕೆ ಬಸ್ಸಿನ ಕಿಟಕಿಯಿಂದಲೇ ಕೈಮುಗಿದು, ಸುರಪುರ ದಾಟಿ, ಹೊಳೆದಂಡೆಯ ಊರಿನ ಈ ಸರ್ಕಾರಿ ಹೈಸ್ಕೂಲಿಗೆ ಹೋಗುತ್ತೇನೆ. ಹೊಳೆ ಅಂದರೆ ಕೃಷ್ಣೆ. ಆ ಊರಿನಲ್ಲಿ ಯಾರೂ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ.

ನಮ್ಮ ಗೋಲಿಗೆ ಜಾಲಿ ಕಂಬ ನೆಟ್ಟಿದ್ದೆ, ಹಿಂದೆ ಬಲೆ ಇರಲಿಲ್ಲ. ಬಾಲು ಗೋಲಿನೊಳಗೆ ಹೋಯಿತೋ ಪಕ್ಕಕ್ಕೆ ಹೋಯಿತೋ ಎಂದು ದಿನಾ ಜಗಳ. ಕೂದಲು ಹಿಡಿದು ಎಳೆದಾಡುವ ತನಕ ಹೋಗುತ್ತಿತ್ತು. ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಲೆಯ ಮೇಲೆ ಗಂಟು ಹೊತ್ತು ಬಂದಳು. ಮೀನುಗಾರರ ಮನೆಯ ಹುಡುಗಿ, ಅಲ್ಲಿಯ ತನಕ ಆಟಕ್ಕೆ ಬಂದವಳಲ್ಲ. ಗಂಟು ಬಿಚ್ಚಿದರೆ ಹಳೆಯ ಮೀನು ಬಲೆ. "ನಮ್ಮ ಆಯಿ ಕೊಟ್ಟಾಳ್ರಿ ಟೀಚರ್. ಇದು ಹೊಳಿಗೆ ಬರಾಂಗಿಲ್ಲ, ಹಳೇದಾಗ್ಯಾದ" ಅಂದಳು. ಕಟ್ಟಿದೆವು. ಎಂಥ ವಾಸನೆ ಅಂತೀರಿ! ಊರಿನ ಬೆಕ್ಕುಗಳೆಲ್ಲ ಬಂದು ಗೋಲಿನ ಹಿಂದೆ ಕೂತವು. ನಮ್ಮ ಶಾಲೆಯ ಮೊದಲ ಪ್ರೇಕ್ಷಕರು ಅವೇ.

ಬಲೆ ಕಟ್ಟಿದ ಮೇಲೆ ಆ ಹುಡುಗಿ ಮನೆಗೆ ಹೋಗಲೇ ಇಲ್ಲ. ಬ್ಯಾಗು ಬದಿಗಿಟ್ಟು ಗೋಲಿನ ಮುಂದೆ ಕೈ ಅಗಲಿಸಿ ನಿಂತುಬಿಟ್ಟಳು. ಯಾರು ಹೊಡೆದರೂ ಹಿಡಿದಳು. ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ, ಒಣ ನೆಲದ ಮೇಲೆ ಧೊಪ್ಪೆಂದು ಬಿದ್ದು ಮೊಣಕೈ ಕೆತ್ತಿಕೊಂಡು ಹಿಡಿದಳು. ನನ್ನ ಸೀಟಿ ಬಾಯಿಂದ ಜಾರಿತು.

"ಏ ಹುಡುಗಿ, ನಿನಗ ಯಾರು ಹೇಳಿದ್ರು ಕೀಪರ್ ಆಗು ಅಂತ?"

"ಯಾರೂ ಹೇಳಿಲ್ರಿ. ಬಾಲ್ ಬಡದ್ರ ಬಲಿ ಹರೀತದ್ರಿ. ಹರದ್ರ ಕೂತು ಹೆಣೇದು ನಾನ ಅಲ್ರಿ?"

ಅವರ ಮನೆಯಲ್ಲಿ ಅಪ್ಪ ಹೊಳೆಗೆ ಹೋಗುತ್ತಾನೆ, ಅವ್ವ ಹೊಲದ ಕೆಲಸಕ್ಕೆ ಹೋಗುತ್ತಾಳೆ, ಆಯಿ ಅಂದರೆ ಅಜ್ಜಿ ಕಕ್ಕೇರಾ ಸಂತೆಯಲ್ಲಿ ಮೀನು ಮಾರುತ್ತಾಳೆ. ಹರಿದ ಬಲೆ ಹೆಣೆಯುವುದು ಹುಡುಗಿಯ ಪಾಲಿಗೆ. ಆ ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಅವಳು ಗೋಲು ಕಾಯ್ದಳು. ದೇಶ, ಪದಕ, ಕೀರ್ತಿ ಯಾವುದೂ ಅವಳ ತಲೆಯಲ್ಲಿರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಅವತ್ತೇ ಎಲ್ಲವೂ ಬಂದು ಕೂತಿತು. ಮರುದಿನ ಸ್ಟಾಫ್‌ರೂಮಿನಲ್ಲಿ ಹೆಡ್‌ಮಾಸ್ತರು ಬಾಯಿ ತೆರೆಯುವುದಕ್ಕೆ ಮುಂಚೆ ನಾನೇ ಹೇಳಿದೆ. "ಸರ್, ಹನ್ನೊಂದರಾಗ ಒಬ್ಬಾಕಿ ಸಿಕ್ಕಾಳ."

"ಬೆಕ್ಕುಗೋಳು ಹೇಳಿದ್ವೇನ್ರಿ?" ಅಂದರು. ಎಲ್ಲರೂ ನಕ್ಕರು. ನಗಲಿ ಅಂತ ಬಿಟ್ಟೆ.

ಅವಳ ರೋಗ ನನಗೆ ಗೊತ್ತಾದದ್ದು ಯಾದಗಿರಿಯಲ್ಲಿ, ಜಿಲ್ಲಾ ಮಟ್ಟದ ಪಂದ್ಯದಲ್ಲಿ. ಎದುರು ಟೀಮಿನವಳು ಬಲವಾಗಿ ಹೊಡೆದ ಮೊದಲ ಬಾಲನ್ನು ನಮ್ಮವಳು ಎದೆಗೆ ಅಪ್ಪಿಕೊಂಡಂತೆ ಹಿಡಿದಳು. ನಾನು ಚಪ್ಪಾಳೆ ಹೊಡೆಯುತ್ತಿದ್ದೇನೆ, ಅಷ್ಟರಲ್ಲಿ ಅವಳು ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ಆ ಬಾಲನ್ನು ಮೆಲ್ಲಗೆ ಉರುಳಿಸಿ ಹೊಡೆದವಳ ಕಾಲ ಬಳಿಗೇ ಬಿಟ್ಟಳು! ಆ ಹುಡುಗಿ ಗಾಬರಿಯಾಗಿ ಹಿಂದೆ ಮುಂದೆ ನೋಡಿದಳು. ಆಮೇಲೆ ಸಾವರಿಸಿಕೊಂಡು ಮತ್ತೆ ಹೊಡೆದಳು. ನಮ್ಮವಳು ಹಾರಿ ಅದನ್ನೂ ಹಿಡಿದಳು. ಈ ಸಲ ಕೊಡಲಿಲ್ಲ.

"ಏಯ್! ಏನ್ ದೆವ್ವ ಹೊಕ್ಕದ ನಿನಗ?" ನಾನು ಗೆರೆ ದಾಟಿ ಓಡಿದೆ. ರೆಫರಿ ನನ್ನನ್ನು ಬೈದು ಆಚೆ ಕಳಿಸಿದ. ಪಂದ್ಯ ಗೆದ್ದೆವು, ಆದರೂ ನನ್ನ ಮೈ ಉರಿ ಇಳಿದಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಮಂಡಕ್ಕಿಯ ಸೂಸಲ, ಮಿರ್ಚಿ ಕೊಡಿಸಿ ಎದುರಿಗೆ ಕೂರಿಸಿಕೊಂಡು ಕೇಳಿದೆ. ಮಿರ್ಚಿ ಕಚ್ಚುತ್ತ ಅಂದಳು:

"ಮೊದಲಿಂದು ನಮ್ಮದಲ್ರಿ ಟೀಚರ್. ಬಲಿಗೆ ಬಿದ್ದ ಮೊದಲಿನ ಮೀನ ಹೊಳಿಗೆ ವಾಪಸ್ ಬಿಡ್ತಾರಲ್ರಿ. ಆಮ್ಯಾಲ ಸಿಕ್ಕಿದ್ದೆಲ್ಲ ನಮ್ಮದು."

"ಇದು ಮೀನ ಅಲ್ಲವ್ವ, ಬಾಲು!"

"ಹಿಂದ ಬಲಿ ಅದಲ್ರಿ" ಅಂದಳು. ಅವಳ ಪ್ರಕಾರ ಅಲ್ಲಿಗೆ ಮಾತು ಮುಗಿದಿತ್ತು.

ನಾನು ಬೈದೆ, ಗ್ರೌಂಡಿನ ಸುತ್ತ ಓಡಿಸಿದೆ, ಮಾತು ಬಿಟ್ಟೆ. ಅವಳು ತಲೆ ತಗ್ಗಿಸಿ ಎಲ್ಲ ಕೇಳುತ್ತಿದ್ದಳು, ಮುಂದಿನ ಪಂದ್ಯದಲ್ಲಿ ಮತ್ತೆ ಮೊದಲ ಬಾಲು ವಾಪಸ್. ಜಿಲ್ಲೆಯಲ್ಲೆಲ್ಲ ನಮಗೆ 'ಬಾಲ್ ವಾಪಸ್ ಕೊಡೋ ಶಾಲಿ' ಎಂದು ಹೆಸರು ಬಿತ್ತು. ಆದರೆ ಒಂದು ವಿಚಿತ್ರ ಹೇಳುತ್ತೇನೆ ಕೇಳಿ. ಎದುರಿನವರಿಗೆ ಅದರಿಂದ ಲಾಭವಾಗುವ ಬದಲು ಹೆದರಿಕೆಯಾಗತೊಡಗಿತು. ತಗೋ, ಇನ್ನೊಂದು ಸಲ ಹೊಡಿ ನೋಡೋಣ ಅಂದಂತೆ ಕಾಣುತ್ತಿತ್ತು ಅವರಿಗೆ. ಎರಡನೆಯ ಸಲ ಹೊಡೆಯುವಾಗ ಗುರಿ ತಪ್ಪುತ್ತಿತ್ತು. ಹೀಗೆಯೇ ಜಿಲ್ಲೆ ಗೆದ್ದೆವು, ವಿಭಾಗ ಗೆದ್ದೆವು. ರಾಷ್ಟ್ರೀಯ ಕಿರಿಯರ ತಂಡಕ್ಕೆ ಗೋಲ್‌ಕೀಪರ್ ಹುಡುಕುತ್ತಿದ್ದಾರೆ, ಬೆಂಗಳೂರಿಗೆ ಕರೆದುಕೊಂಡು ಬನ್ನಿ ಎಂದು ಕರೆ ಬಂತು. ಅವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೆಂಗಳೂರಿನ ಹುಡುಗಿಯರು ಹೆದರಲಿಲ್ಲ. ಆಯ್ಕೆಯ ಪಂದ್ಯದಲ್ಲಿ ನಮ್ಮವಳು ಮೊದಲ ಬಾಲು ಹಿಡಿದು, ಎಂದಿನಂತೆ ಉರುಳಿಸಿ ಬಿಟ್ಟಳು. ಎದುರಿನವಳು ಒಂದು ಕ್ಷಣವೂ ಯೋಚಿಸದೆ ಅದನ್ನು ಮೂಲೆಗೆ ಹೊಡೆದಳು. ಗೋಲು. ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಆಮೇಲೆ ನಮ್ಮವಳು ಏನೆಲ್ಲ ತಡೆದಳು ಎಂಬುದನ್ನು ಅವರು ನೋಡಿದರೋ ಇಲ್ಲವೋ, ಆಯ್ಕೆ ಮಾಡುವ ಮೇಡಂ ಮಾತ್ರ ನೋಡಿದ್ದರು. ಹಿಂದೆ ದೇಶದ ಪರವಾಗಿ ಆಡಿದವರು, ಮಾತು ಕಡಿಮೆ. ನನ್ನನ್ನು ಬದಿಗೆ ಕರೆದು ಹೇಳಿದರು:

"ನಿಮ್ಮ ಹುಡುಗಿ ಕೈ ಬಹಳ ಚೆನ್ನಾಗಿದೆ ಮೇಡಂ. ಇಂಥವಳೊಬ್ಬಳು ಗೋಲಿನಲ್ಲಿ ನಿಂತರೆ ಈ ಟೀಮಿಗೆ ಮುಂದೆ ದಾರಿ ಇದೆ. ಆದ್ರೆ ಮೊದಲ ಬಾಲನ್ನ ಎದುರಾಳಿಗೆ ಕೊಡೋ ಕೀಪರನ್ನ ನಾನು ಹೇಗೆ ಕಳಿಸ್ಲಿ? ಮುಂದಿನ ತಿಂಗಳು ಕೊನೇ ಆಯ್ಕೆ. ಆ ಚಾಳಿ ಬಿಟ್ಟರೆ ಕರ್ಕೊಂಡು ಬನ್ನಿ. ಬಿಡದಿದ್ರೆ ಬರ್ಬೇಡಿ."

ವಾಪಸ್ ಬರುವಾಗ ರೈಲಿನಲ್ಲಿ ಅವಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಗುಂತಕಲ್ಲು ದಾಟಿದ ಮೇಲೆ ತಾನಾಗಿಯೇ ಬಾಯಿ ಬಿಟ್ಟಳು.

"ಟೀಚರ್, ನನಗ ಟೀಮಿನಾಗ ಆಡಬೇಕು ಅನಸ್ತದ್ರಿ. ಭಾಳ ಅನಸ್ತದ. ಆದ್ರ ಅದನ್ನ ಮಾತ್ರ ಬಿಡಾಂಗಿಲ್ರಿ."

"ಯಾಕ? ಏನಾಗ್ತದ ಬಿಟ್ರ?"

"ನಾ ಬಿಡಲಿಲ್ಲಂದ್ರ ಹೊಳಿ ಸಿಟ್ಟಾಗ್ತದ. ಅಪ್ಪ ಹೊಳ್ಯಾಗ ಇರ್ತಾನಲ್ರಿ."

ನಮ್ಮ ಮನೆಯಲ್ಲಿ ಹರಕೆ, ದೃಷ್ಟಿ, ಶಕುನ ಯಾವುದನ್ನೂ ನಂಬುವವರಿಲ್ಲ. ಪ್ರಶ್ನೆ ಕೇಳಿ ಒಪ್ಪಿಕೊಳ್ಳಬೇಕು ಎಂದು ಅಪ್ಪ ಬೆಳೆಸಿದ್ದಾನೆ. ಆದರೆ ತೆಪ್ಪದ ಮೇಲೆ ಒಬ್ಬನೇ ಹೋಗುವ ಅಪ್ಪನನ್ನು ದಿನಾ ಬೆಳಿಗ್ಗೆ ದಂಡೆಯಲ್ಲಿ ನಿಂತು ನೋಡುವ ಹುಡುಗಿಗೆ ನಾನು ಯಾವ ವಿಜ್ಞಾನ ಹೇಳಲಿ? ಹೊಳೆಗೆ ನೀರು ಬಿಟ್ಟ ದಿನ ಅದು ಹೇಗೆ ಹರಿಯುತ್ತದೆಂದು ನಾನೂ ನೋಡಿದ್ದೇನೆ. ಯಾದಗಿರಿ ಸ್ಟೇಷನ್ನು ಬಂದಾಗ ಅವಳ ಬ್ಯಾಗನ್ನೂ ನಾನೇ ಎತ್ತಿಕೊಂಡು ಇಳಿದೆ.

ಆಮೇಲಿನ ಕೆಲವು ದಿನ ನನಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಸ್ಟಾಫ್‌ರೂಮಿನಲ್ಲಿ ಬಾಯಿ ಮಾಡಿದ್ದೆಲ್ಲ ಒಬ್ಬ ಹುಡುಗಿಯ ಕೈಯೊಳಗಿತ್ತು, ಆ ಕೈ ಬಾಲು ಬಿಟ್ಟುಕೊಡುತ್ತಿತ್ತು. ಕಡೆಗೆ ಸಿಟ್ಟು ತಡೆಯಲಾರದೆ ಒಂದು ಸಂತೆಯ ದಿನ ಕಕ್ಕೇರಾ ಬಸ್ಸು ಹತ್ತಿದೆ. ಈ ಸಂಪ್ರದಾಯ ಕಲಿಸಿದ ಮುದುಕಿಯ ಜೊತೆಗೇ ಜಗಳ ತೆಗೆಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಆಯಿ ಸಂತೆಯ ಆ ತುದಿಯಲ್ಲಿ, ಗೋಣಿಚೀಲ ಹಾಸಿ, ಮುಂದೆ ಬುಟ್ಟಿ ಇಟ್ಟುಕೊಂಡು, ಒಂದು ಕೈಯಿಂದ ಕಾಗೆ ಓಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಹುಡುಗಿ ಮೀನಿನ ಪರೆ ತೆಗೆಯುತ್ತಿದ್ದಳು. ನನ್ನ ಮುಖ ನೋಡಿದವಳೇ ಅಜ್ಜಿಯ ಬೆನ್ನ ಹಿಂದೆ ಸರಿದಳು.

"ಬರ್ರಿ ಅಕ್ಕೋರ. ಚಲೋ ಮೀನ ಅದಾವ, ತಗೊಂಡು ಹೋಗ್ರಿ."

"ಮೀನ ಬ್ಯಾಡ ಆಯಿ. ನಿಮ್ಮ ಮೊಮ್ಮಗಳ ಪಂಚಾಯ್ತಿ ತಂದೀನಿ" ಅಂದು ಎಲ್ಲ ಹೇಳಿದೆ. ನಿಂತೇ ಹೇಳಿದೆ, ಜೋರಾಗಿ ಹೇಳಿದೆ. ಪಕ್ಕದ ಉಳ್ಳಾಗಡ್ಡಿಯವನು ವ್ಯಾಪಾರ ಬಿಟ್ಟು ಕೇಳಿಸಿಕೊಂಡ. ದೇಶದ ಟೀಮು, ಮೊದಲ ಬಾಲು, ಬೆಂಗಳೂರಿನ ಮೇಡಂ, ಒಂದನ್ನೂ ಬಿಡಲಿಲ್ಲ. ನಿಮ್ಮ ಪದ್ಧತಿಯಿಂದ ಹುಡುಗಿಯ ಬಾಳು ಕೆಡುತ್ತದೆ ಅಂದೆ. ಆಯಿ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಾದಳು, ಆದರೆ ನನ್ನ ಮೇಲಲ್ಲ. ಹಿಂದೆ ತಿರುಗಿ ಹುಡುಗಿಯ ಕಿವಿ ಹಿಡಿದು ಮುಂದಕ್ಕೆ ಎಳೆದಳು.

"ಯಾರಿಗಿ ಕೊಟ್ಟಿ ಮೊದಲಿಂದು?"

"ಹೊಡದಾಕಿಗಿ."

"ಎಷ್ಟು ದೂರ ನಿಂತಿದ್ಳು ಆಕಿ?"

ಹುಡುಗಿ ಕೈ ಮಾಡಿ ತೋರಿಸಿದಳು. "ಇಲ್ಲೇ. ಆ ಬಳಿ ಮಾರೋರು ಕೂತಾರಲ್ಲ, ಅಷ್ಟು."

ಆಯಿ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನವ್ವಾ! ಮೊದಲಿನ ಮೀನ ದಂಡಿಗಿ ಬಿಡ್ತಾರೇನ? ದಂಡಿಗಿ ಕೊಕ್ಕರಿ ಕಾಯ್ಕೊಂಡು ನಿಂತಿರ್ತಾವ, ಗಬಕ್ಕನ ನುಂಗ್ತಾವ. ಅದು ಬಿಟ್ಟಂಗಾತೋ, ಕೊಂದಂಗಾತೋ? ನಡು ಹೊಳ್ಯಾಗ ಬಿಡ್ಬೇಕು, ಆಳ ಇದ್ದಲ್ಲಿ. ಅದು ಈಸಿ ಹೋಗ್ಬೇಕು, ಬದುಕ್ಬೇಕು, ಮರಿ ಮಾಡ್ಬೇಕು. ಅದಕ್ಕ ಬಿಡೋದು! ನಿಮ್ಮಪ್ಪ ಎಂದರ ದಂಡಿಗಿ ಬಿಟ್ಟಾನೇನ?"

"ನಾ ಎಲ್ಲಿ ನೋಡೀನಿ ಆಯಿ? ಹೆಣ್ಮಕ್ಕಳಿಗಿ ತೆಪ್ಪ ಹತ್ತಗೊಡಾಂಗಿಲ್ಲಲ್ಲ ನೀವು!"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಆಯಿ ಕಿವಿ ಬಿಟ್ಟಳು. ನನಗೆ ಆಗ ತಿಳಿಯಿತು. ಮೊದಲ ಮೀನು ಬಿಡುತ್ತಾರೆ ಎಂದು ಹುಡುಗಿ ಹುಟ್ಟಿದಾಗಿನಿಂದ ಕೇಳಿದ್ದಾಳೆ, ಎಲ್ಲಿ ಬಿಡುತ್ತಾರೆ ಎಂದು ನೋಡಿಯೇ ಇಲ್ಲ. ಅವರ ಮನೆಯಲ್ಲಿ ಹೆಣ್ಣುಮಕ್ಕಳು ದಂಡೆಯಲ್ಲಿ ನಿಲ್ಲುತ್ತಾರೆ, ತೆಪ್ಪ ಏರುವುದಿಲ್ಲ. ದಂಡೆಯಲ್ಲಿ ನಿಂತವಳು ದಂಡೆಗೇ ಬಿಟ್ಟಿದ್ದಳು.

"ಮತ್ತ ನಿಮಗ ಹ್ಯಾಂಗ ಗೊತ್ತು ಆಯಿ?" ಅಂದೆ.

ಆಯಿ ಅತ್ತಿತ್ತ ನೋಡಿ ದನಿ ಇಳಿಸಿದಳು. "ಈಕಿ ಮುತ್ಯಾಗ, ನನ್ನ ಗಂಡಗ, ಚಳಿಜ್ವರ ಬಂದಾಗ ಯಾರು ಹೋಗ್ಯಾರ ಅನ್ಕೊಂಡೀರಿ? ನಾನ ಹೋಗೀನಿ. ಮಂದಿ ಏಳೋದ್ರಾಗ ಬಲಿ ಒಗದು ಬಂದೀನಿ. ಏ ಹುಡುಗಿ, ಇಲ್ಲಿ ನೋಡು." ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತಿದ್ದ ಗೋಣಿಚೀಲವನ್ನೇ ಎತ್ತಿಕೊಂಡಳು. ಸೊಂಟ ಹಿಂದಕ್ಕೆ ತಿರುಗಿಸಿ, ಎಡಗಾಲು ಊರಿ, ಬರ್‍ರೆಂದು ಒಗೆದಳು. ಚೀಲ ಗಾಳಿಯಲ್ಲಿ ಅಗಲವಾಗಿ ಹಾರಿ ಬಳೆ ಅಂಗಡಿಯನ್ನೂ ದಾಟಿ ಬಿತ್ತು. ಸಂತೆಗೆ ಸಂತೆಯೇ ನಕ್ಕಿತು. ನಾನು ನಗಲಿಲ್ಲ. ನಾನು ಅವಳ ಸೊಂಟವನ್ನೇ ನೋಡುತ್ತಿದ್ದೆ. ಹೀಗೆ ತಿರುಗಿ ಒಗೆದರೆ ಬಾಲು ಎಲ್ಲಿಗೆ ಹೋದೀತು!

"ಅಕ್ಕೋರ" ಎಂದಳು ಆಯಿ, ಏದುಸಿರು ಬಿಡುತ್ತ, "ಇಷ್ಟು ಸಿಟ್ಟು ಮಾಡೋ ಬದ್ಲಿ ಮೊದಲ ಒಂದ್ ಸಲ ಸಂತಿಗಿ ಬರಬಾರದೇನ್ರಿ?"

ಮರುದಿನದಿಂದ ಗ್ರೌಂಡಿನಲ್ಲಿ ಒಂದೇ ಕೆಲಸ. ಬಾಲು ಹಿಡಿ, ತಲೆ ಎತ್ತು, ಆಳ ಎಲ್ಲಿದೆ ನೋಡು. ಹತ್ತಿರ ನಿಂತವರೆಲ್ಲ ಕೊಕ್ಕರೆ. ದೂರದಲ್ಲಿ, ಎದುರಿನವರು ಯಾರೂ ಇಲ್ಲದ ಕಡೆ, ನಮ್ಮ ಹುಡುಗಿ ಓಡಿ ಹೋಗಿ ಮುಟ್ಟಬಹುದಾದ ಜಾಗ ಆಳ. ನಾನು ಪುಸ್ತಕದಲ್ಲಿ ಓದಿ ಹೇಳಿಕೊಟ್ಟಿದ್ದು ಯಾರ ತಲೆಗೂ ಹೋಗಿರಲಿಲ್ಲ, ಇದು ಒಂದೇ ಬೆಳಗಿನಲ್ಲಿ ಹೋಯಿತು. "ಆಳಕ್ಕ!" ಎಂದು ನಾನು ಕೂಗಿದರೆ ಸಾಕು, ಮುಂದಿನ ಹುಡುಗಿಯರು ಬಾಲು ಬರುವ ಮುಂಚೆಯೇ ಓಡುತ್ತಿದ್ದರು. ನಮ್ಮವಳು ಸೊಂಟ ತಿರುಗಿಸಿ ಒಗೆದರೆ ಬಾಲು ನಡು ಗೆರೆ ದಾಟಿ ಅವರ ಮುಂದೆ ಬೀಳುತ್ತಿತ್ತು. ಹೆಡ್‌ಮಾಸ್ತರು ಕಿಟಕಿಯಲ್ಲಿ ಬಂದು ನಿಲ್ಲತೊಡಗಿದರು. ಕೈಯೊಳಗಿನ ಚಹಾ ಆರುವ ತನಕ ನೋಡುತ್ತಿದ್ದರು.

ಕೊನೆಯ ಆಯ್ಕೆಗೆ ಮತ್ತೆ ಬೆಂಗಳೂರಿಗೆ ಹೋದೆವು. ಮೊದಲ ಬಾಲು ವಾಪಸ್ ಕೊಡುವವಳ ಸುದ್ದಿ ಅಲ್ಲಿ ಆಗಲೇ ಹಬ್ಬಿತ್ತು. ಮೊದಲ ಬಾಲು ಹೊಡೆದ ಹುಡುಗಿ ಅಲ್ಲಿಂದ ಅಲ್ಲಾಡಲೇ ಇಲ್ಲ, ಕಾಲು ಮುಂದೆ ಚಾಚಿ, ಕೊಡು ಅನ್ನುವಂತೆ ನಗುತ್ತ ನಿಂತಳು. ನಮ್ಮವಳು ಬಾಲು ಹಿಡಿದುಕೊಂಡು ಅವಳನ್ನು ನೋಡಿದಳು. ಆಮೇಲೆ ತಲೆ ಎತ್ತಿದಳು, ಎಡಗಾಲು ಊರಿದಳು, ಸೊಂಟ ತಿರುಗಿತು. ಬಾಲು ಎಲ್ಲರ ತಲೆಯ ಮೇಲೆ ಹಾದು, ಆ ಕಡೆಯ ಗೆರೆಯ ಹತ್ತಿರ ಖಾಲಿ ಬಿದ್ದ ಹುಲ್ಲಿನ ಮೇಲೆ ಇಳಿಯಿತು. ನಮ್ಮವಳ ಕಡೆಯ ಹುಡುಗಿಯೊಬ್ಬಳು ಅದನ್ನು ಮುಟ್ಟಿ ಓಡಿದಳು. ಕಾಲು ಚಾಚಿ ನಿಂತವಳು ಹಿಂದೆ ತಿರುಗುವಷ್ಟರಲ್ಲಿ ಗೋಲು ಆಗಿಹೋಗಿತ್ತು.

ಮೇಡಂ ನನ್ನ ಹತ್ತಿರ ಬಂದು ಕೇಳಿದರು. "ಈ ಎಸೆತ ಯಾರು ಕಲಿಸಿದ್ದು?"

"ಕಕ್ಕೇರಾ ಸಂತ್ಯಾಗ ಮೀನ ಮಾರೋ ಆಯಿ ರೀ" ಅಂದೆ. ಅವರು ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡರು. ಅಂದುಕೊಳ್ಳಲಿ. ಆಯ್ಕೆಯಾದವರ ಹೆಸರು ಓದುವಾಗ ನಮ್ಮ ಹುಡುಗಿಯ ಹೆಸರಿನ ಜೊತೆ ನಮ್ಮ ಊರಿನ ಹೆಸರನ್ನೂ ಮೈಕಿನಲ್ಲಿ ಹೇಳಿದರು. ತಪ್ಪಾಗಿ ಉಚ್ಚರಿಸಿದರು. ನಾನು ಎದ್ದು ನಿಂತು ಸರಿಯಾಗಿ ಹೇಳಿದೆ. ಯಾರೇನು ಅಂದುಕೊಂಡರೂ ಚಿಂತೆಯಿಲ್ಲ, ಆ ಹೆಸರು ಅಲ್ಲಿ ಸರಿಯಾಗಿ ಕೇಳಿಸಬೇಕಿತ್ತು.

ದೇಶದ ಟೀಮಿನ ಪಂದ್ಯ ಪರದೇಶದಲ್ಲಿತ್ತು, ನಮ್ಮಲ್ಲಿ ಅದು ನಡು ಮಧ್ಯಾಹ್ನ. ಹೆಡ್‌ಮಾಸ್ತರು ಸ್ಮಾರ್ಟ್ ಕ್ಲಾಸಿನ ದೊಡ್ಡ ಪರದೆಯನ್ನು ತಾವೇ ಒರೆಸಿ ಹಚ್ಚಿದರು. ಊರಿಗೆ ಊರೇ ಬಂದು ಕಿಟಕಿಗೆ ಜೋತುಬಿತ್ತು. ಹುಡುಗಿಯ ಅಪ್ಪ ಅವತ್ತು ಹೊಳೆಗೆ ಹೋಗಲಿಲ್ಲ, ಬಾಗಿಲ ಹತ್ತಿರ ನೆಲಕ್ಕೆ ಕೂತಿದ್ದ. ಅವ್ವ ಹೊಲದಿಂದ ನೇರ ಬಂದಿದ್ದಳು. ಆಯಿ ತಡವಾಗಿ ಬಂದಳು, ಬುಟ್ಟಿ ಹೊರಗಿಟ್ಟಳು, ಬೆಕ್ಕುಗಳು ಬುಟ್ಟಿಗೆ ಕಾವಲು ಕೂತವು. ಹೆಡ್‌ಮಾಸ್ತರು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ರಾಷ್ಟ್ರಗೀತೆ ಶುರುವಾಯಿತು, ಎಲ್ಲರೂ ಎದ್ದರು. ಕ್ಯಾಮೆರಾ ಒಂದೊಂದೇ ಮುಖ ತೋರಿಸುತ್ತ ಬಂದು ನಮ್ಮವಳ ಮೇಲೆ ನಿಂತಿತು. ದೇಶದ ಅಂಗಿ ತೊಟ್ಟು, ಕೂದಲು ಬಿಗಿದು ಕಟ್ಟಿ, ತುಟಿ ಅಲ್ಲಾಡಿಸುತ್ತಿದ್ದಳು. ಹಣೆಯ ಮೇಲೆ ಒಂದು ಹಳೆಯ ಗಾಯದ ಗುರುತು, ನಮ್ಮ ಜಾಲಿ ಕಂಬಕ್ಕೆ ಬಡಿದುಕೊಂಡದ್ದು. ನಾನು ಅತ್ತೆ. ಮುಚ್ಚಿಕೊಳ್ಳದೆ, ಸಣ್ಣ ಹುಡುಗಿಯಂತೆ ಅತ್ತೆ. ಯಾದಗಿರಿ ಜಿಲ್ಲೆ ಎಲ್ಲಿದೆ ಎಂದು ಕೇಳುವವರಿಗೆಲ್ಲ ಆ ಮುಖ ತೋರಿಸಬೇಕು ಅನ್ನಿಸಿತು.

ಎದುರಿನವರು ಎತ್ತರದ ಹುಡುಗಿಯರು, ಗಟ್ಟಿ ಕಾಲು. ಬಹಳ ಹೊತ್ತಾಗುವ ಮುಂಚೆಯೇ ಮೊದಲ ಬಾಲು ಬಂತು, ಕೆಳಗೆ, ಬಲಕ್ಕೆ. ನಮ್ಮವಳು ಬಿದ್ದು ಅಪ್ಪಿಕೊಂಡಳು. ಹೊಡೆದವಳು ಅಲ್ಲೇ, ತೀರಾ ಹತ್ತಿರ ನಿಂತಿದ್ದಾಳೆ.

"ಕೊಕ್ಕರಿ!" ಎಂದಳು ಆಯಿ, ಕುರ್ಚಿಯಿಂದ ಅರ್ಧ ಎದ್ದು. "ಏ ಹುಡುಗಿ, ಕೊಕ್ಕರಿ ಅದ ನೋಡು!"

ಬಾಲು ಹಾರಿತು. ಪರದೆಯ ಈ ತುದಿಯಿಂದ ಆ ತುದಿಗೆ ಹಾರಿ ಆಳಕ್ಕೆ ಬಿತ್ತು. ನಮ್ಮ ಟೀಮಿನ ಹುಡುಗಿ ಅದನ್ನು ಹಿಡಿದು ಓಡಿ ಹೊಡೆದಳು. ಗೋಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಎಲ್ಲರೂ ಅಯ್ಯೋ ಅಂದರು. ಆಯಿ ಮಾತ್ರ ಸಮಾಧಾನದಿಂದ ಕುರ್ಚಿಗೆ ಒರಗಿದಳು. ಬಾಗಿಲ ಬಳಿ ಕೂತ ಮಗನ ಕಡೆ ತಿರುಗಿ, "ಹೋತು ನೋಡು. ಈಸಿ ಹೋತು" ಅಂದಳು. ಅವನು ಮುಖ ಒರೆಸಿಕೊಂಡ.

ಆಮೇಲೆ ಬಂದದ್ದೆಲ್ಲ ನಮ್ಮವಳದೇ. ಮೇಲೆ ಬಂತು, ಕೆಳಗೆ ಬಂತು, ಗುಂಪಿನ ನಡುವಿನಿಂದ ಬಂತು. ಒಂದನ್ನೂ ಬಿಡಲಿಲ್ಲ. ಎರಡೂ ಕಡೆ ಗೋಲಿಲ್ಲದೆ ಪಂದ್ಯ ಮುಗಿಯಿತು. ಅಷ್ಟು ದೊಡ್ಡ ಟೀಮಿನ ಎದುರು ಸೋಲದೆ ನಿಂತದ್ದಕ್ಕೆ ಅಲ್ಲಿ ನಮ್ಮ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಇಲ್ಲಿ ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸುತ್ತ ನನ್ನ ಕಡೆ ಬಂದರು.

"ಇನ್ನ ಹತ್ತು ಮಂದಿ ಬೇಕಲ್ರಿ ಟೀಚರ್."

"ಕಿಡಕ್ಯಾಗ ನೋಡ್ರಿ ಸರ್" ಅಂದೆ. ಅವರು ನೋಡಿದರು. ಹೊರಗೆ ಸಣ್ಣ ಹುಡುಗಿಯರು ಆಗಲೇ ಬಾಲು ತೆಗೆದುಕೊಂಡು ಓಡಿದ್ದರು. ಹಳೆಯ ಮೀನು ಬಲೆಯ ಮುಂದೆ ಯಾರು ನಿಲ್ಲಬೇಕೆಂದು ಕೂದಲು ಹಿಡಿದು ಜಗಳ ನಡೆದಿತ್ತು. ಈ ಸಲ ಹೆಡ್‌ಮಾಸ್ತರು ನಗಲಿಲ್ಲ, ಬಹಳ ಹೊತ್ತು ಅಲ್ಲೇ ನಿಂತರು.

ಸ್ವಲ್ಪ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಪರದೆಯ ಮೇಲೆ ಅವಳ ಮುಖ, ಬೆವರು ಇನ್ನೂ ಆರಿರಲಿಲ್ಲ. ಎಲ್ಲರೂ ಒಟ್ಟಿಗೆ ಕೂಗಿದ್ದರಿಂದ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಆಯಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಹೊಳೆಯ ಆ ದಂಡೆಯಲ್ಲಿರುವವರನ್ನು ಕರೆಯುವ ದನಿಯಲ್ಲಿ ಕೇಳಿದಳು:

"ಯವ್ವಾ, ಬಲಿ ಹರೀತೇನ?"

ಅಲ್ಲಿ ಹುಡುಗಿ ಮುಖವೆಲ್ಲ ಅರಳಿಸಿಕೊಂಡು ಅಂದಳು:

"ಇಲ್ಲ ಆಯಿ. ಹರೀಗೊಡಲಿಲ್ಲ."

"ಹಾಂ" ಎಂದು ಆಯಿ ಫೋನನ್ನು ನನ್ನ ಕೈಗಿಟ್ಟಳು, ಬೆಕ್ಕುಗಳನ್ನು ಓಡಿಸಿ ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು.